ಹೊಳೆ ದಾಟುವಷ್ಟರಲ್ಲಿ ಬದಲಾದ ನಿಯಮ



ನಾನು ಬಿದ್ರಿಯವನು. ಕೊಲ್ಹಾಪುರದಿಂದ ಗಾರಗೋಟಿಗೆ ಹೋಗುವ ದಾರಿಯಲ್ಲಿ, ಮುದಾಳ ತಿಟ್ಟಾ ಬರುವುದಕ್ಕೆ ಮೊದಲು ಸಿಗುವ ಊರು. ನೀವು ಬಂದು ನೋಡಿರದಿದ್ದರೂ ಸಕ್ಕರೆ ಕಾರ್ಖಾನೆಯಿಂದಾಗಿ ಹೆಸರು ಕೇಳಿರುತ್ತೀರಿ. ಆ ಕಾರ್ಖಾನೆಗೆ ಎರಡು ಹೊಳೆಗಳ ಹೆಸರನ್ನು ಕೂಡಿಸಿ ಇಟ್ಟಿದ್ದಾರೆ: ದೂಧಗಂಗಾ ವೇದಗಂಗಾ. ಎರಡೂ ಹೊಳೆಗಳು ಮಹಾರಾಷ್ಟ್ರದಲ್ಲಿ ಹುಟ್ಟಿ, ಕರ್ನಾಟಕದೊಳಗೆ ಹರಿದು, ಒಂದಕ್ಕೊಂದು ಕೂಡಿಕೊಂಡು ಕೃಷ್ಣೆಗೆ ಸೇರುತ್ತವೆ. ನಮ್ಮಪ್ಪ ಕಾರ್ಖಾನೆಯ ಕೆಲಸಕ್ಕೆಂದು ಹೊಳೆಯ ಆಚೆಯಿಂದ ಬಂದವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ನಮ್ಮ ಹೆಣ್ಣು ಕೊಟ್ಟದ್ದು ಆಚೆಗೆ, ಸೊಸೆ ತಂದದ್ದು ಆಚೆಯಿಂದ. ಹತ್ತಿರದ ಆದಮಾಪುರದ ಬಾಳುಮಾಮಾ ಅವರೂ ಹುಟ್ಟಿದ್ದು ಹೊಳೆಯ ಆಚೆ, ಅಕ್ಕೋಳದಲ್ಲಿ. ಅಮಾವಾಸ್ಯೆಗೆ ಬರುವ ಭಕ್ತರಲ್ಲಿ ಯಾರು ಯಾವ ರಾಜ್ಯದವರೆಂದು ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಕಾಗಲ ದಾಟಿದರೆ ಹೆದ್ದಾರಿಯಲ್ಲಿ ದೂಧಗಂಗೆಯ ಪೂಲು ಬರುತ್ತದೆ. ಪೂಲು ದಾಟಿ ಸ್ವಲ್ಪ ಮುಂದೆ ಕೊಗನೊಳ್ಳಿ. ಇದು ಗಡಿ ಎಂದು ನಮಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಗಡಿಯ ಜಗಳ ನಮಗೆ ಹುಟ್ಟಿನಿಂದ ಗೊತ್ತು. ಆದರೆ ಅದನ್ನು ದಾಟಲು ಕಾಗದ ಬೇಕು ಎಂದು ಗೊತ್ತಾದದ್ದು 2020ರಲ್ಲಿ.

ಇವತ್ತು ನಾನು ಹೇಳಹೊರಟಿರುವುದು ರೋಗದ ಮಾತಲ್ಲ. ರೋಗದ ಕಾಲದಲ್ಲಿ ದಾರಿ ಹಿಡಿದವರ ಮಾತು. ಹೊರಡುವಾಗ ಒಂದು ನಿಯಮ, ಮುಟ್ಟುವಾಗ ಇನ್ನೊಂದು. ಯುರೋಪಿನ ದೊಡ್ಡ ನದಿಗಳಲ್ಲಿ ಹಡಗು ಹತ್ತಿ ಊರೂರು ನೋಡುವವರಿಗೂ ಹೀಗೇ ಆಯಿತು. ಬಿದ್ರಿಯಲ್ಲಿ ಕೂತು ಯುರೋಪಿನ ಹಡಗಿನ ಮಾತೇಕೆ ಎಂದು ನೀವು ನಗಬಹುದು. ನಮ್ಮ ಮನೆಯ ದುಡ್ಡೂ ಅದರಲ್ಲಿ ಹೋಗಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಹೊಳೆಯ ಕಥೆ. 2020ರ ಮಾರ್ಚ್ 25ರಿಂದ ದೇಶವೇ ಬಂದ್ ಆಯಿತು. ಮೇ ತಿಂಗಳಲ್ಲಿ ಸೇವಾ ಸಿಂಧು ಎಂಬ ಪಾಸು ಪಡೆದು ಕರ್ನಾಟಕಕ್ಕೆ ಹೋಗಬಹುದು ಎಂದರು. ಜನ ಅರ್ಜಿ ಹಾಕಿ ಕಾಯುತ್ತಿರುವಾಗಲೇ ಮೇ 18ರಂದು, ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವೇ ಇಲ್ಲ ಎಂದರು. ಜೂನ್‌ನಲ್ಲಿ ಬಿಟ್ಟರು, ಆದರೆ ಏಳು ದಿನ ಸರಕಾರ ಹೇಳಿದ ಜಾಗದಲ್ಲಿ, ಏಳು ದಿನ ಮನೆಯಲ್ಲಿ ಇರಬೇಕು. ಆಗಸ್ಟ್ 24ಕ್ಕೆ ಅದೆಲ್ಲವೂ ರದ್ದು. ನಾವು ಮುಗಿಯಿತು ಅಂದುಕೊಂಡೆವು. 2021ರ ಫೆಬ್ರವರಿಯಲ್ಲಿ ಮತ್ತೆ ಶುರು: 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಇದ್ದರೆ ಮಾತ್ರ ಆಚೆ ದಡ. ಮೇ ತಿಂಗಳಲ್ಲಿ ಮಹಾರಾಷ್ಟ್ರವೂ ಹೊರಗಿನಿಂದ ಬರುವವರಿಗೆ ವರದಿ ಬೇಕೆಂದಿತು. ಇವರ ಲೆಕ್ಕ 48 ಗಂಟೆ. ಒಂದೇ ಪೂಲು, ಈ ತುದಿಗೆ ಎರಡು ದಿನದ ಗಡಿಯಾರ, ಆ ತುದಿಗೆ ಮೂರು ದಿನದ ಗಡಿಯಾರ.

ಆ ಜೂನ್‌ನಲ್ಲಿ ಸಂಕೇಶ್ವರದ ಆಚೆಯ ಹಳ್ಳಿಯಲ್ಲಿದ್ದ ನಮ್ಮ ಸೋದರತ್ತೆ ತೀರಿಕೊಂಡರು. ಗುರುವಾರ ಬೆಳಿಗ್ಗೆ ಫೋನು ಬಂತು. ಮಣ್ಣಿಗೆ ಹೋಗುವ ಮಾತೇ ಇರಲಿಲ್ಲ, ನಮ್ಮ ಹತ್ತಿರ ಕಾಗದವಿರಲಿಲ್ಲ. ನಾನೂ ಅಣ್ಣನೂ ಮಧ್ಯಾಹ್ನ ಹೋಗಿ ಸ್ವ್ಯಾಬ್ ಕೊಟ್ಟೆವು. ವರದಿ ಬಂದದ್ದು ಶುಕ್ರವಾರ ರಾತ್ರಿ. ಶನಿವಾರ ಮೂರನೆಯ ದಿನ, ಹಾಲು-ತುಪ್ಪ ಎರೆಯುವುದು. ಅಷ್ಟಕ್ಕಾದರೂ ಮುಟ್ಟೋಣ ಎಂದು ಬೆಳಿಗ್ಗೆಯೇ ಹೊರಟೆವು. ಮುರಗೂಡದ ಮೇಲೆ ನಿಪ್ಪಾಣಿಗೆ ಹೋದರೆ ಹತ್ತಿರ. ಆದರೆ ಆ ದಾರಿಯಲ್ಲಿ ಬಿಡುತ್ತಾರೋ ಇಲ್ಲವೋ ತಿಳಿಯದೆ ಕಾಗಲಕ್ಕೆ ಸುತ್ತು ಹಾಕಿ ಕೊಗನೊಳ್ಳಿ ನಾಕಾಕ್ಕೇ ಹೋದೆವು. ಅಲ್ಲಿಯ ಪೊಲೀಸರು ಒಳ್ಳೆಯ ಮಾತಿನಲ್ಲೇ ಕಾಗದ ನೋಡಿದರು, ಬಿಟ್ಟರು.

ತೊಡಕು ಶುರುವಾದದ್ದು ಹಾಲು-ತುಪ್ಪ ಮುಗಿದ ಮೇಲೆ. ನಮ್ಮ ವರದಿಯಲ್ಲಿ ಎರಡು ಹೊತ್ತು ಬರೆದಿತ್ತು: ಮಾದರಿ ಕೊಟ್ಟ ಹೊತ್ತು, ವರದಿ ಹೊರಬಿದ್ದ ಹೊತ್ತು. ಗುರುವಾರ ಮಧ್ಯಾಹ್ನದಿಂದ ಎಣಿಸಿದರೆ 48 ಗಂಟೆ ಆಗಲೇ ಮುಗಿದಿತ್ತು. ಶುಕ್ರವಾರ ರಾತ್ರಿಯಿಂದ ಎಣಿಸಿದರೆ ರವಿವಾರ ರಾತ್ರಿಯವರೆಗೆ ನಡೆಯುತ್ತಿತ್ತು. ಪಡಸಾಲೆಯಲ್ಲಿ ಕೂತ ಬೀಗರಲ್ಲಿ ನಾಲ್ಕು ಮಂದಿ ನಾಲ್ಕು ಮಾತು ಹೇಳಿದರು. ಅಣ್ಣನಿಗೆ ಸೋಮವಾರ ಡ್ಯೂಟಿ. ಮತ್ತೆ ಸ್ವ್ಯಾಬ್ ಕೊಡಬೇಕೆಂದರೆ ಮರುದಿನ ರವಿವಾರ. ಕೊನೆಗೆ ಆ ಸಂಜೆಯೇ ಎದ್ದೆವು. ಅತ್ತೆಯ ಮಗಳು ಬಾಗಿಲತನಕ ಬಂದಳು. "ಅಣ್ಣಾ, ಇಷ್ಟ ಲಗೂನ ಹೊಂಟ್ರೇನು? ನಮ್ಮವ್ವ ಇದ್ದಿದ್ರ ಬಿಡತಿದ್ಲೇನು?" ಎಂದಳು. ಏನು ಉತ್ತರ ಕೊಡುವುದು? ಗಂಟೆಯ ಲೆಕ್ಕ ಹೇಳಿದೆ. ನನ್ನ ಬಾಯಿಂದ ಬಂದ ಮಾತು ನನಗೇ ನಾಚಿಕೆಯಾಯಿತು.

ಪೂಲು ದಾಟಿ ಈಚೆಗೆ ಬಂದಾಗ ರಾತ್ರಿಯಾಗಿತ್ತು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ.

ಇದಾದ ಒಂದು ತಿಂಗಳಿಗೆ ಲೆಕ್ಕ ಮತ್ತೆ ಮಗುಚಿತು. ಜುಲೈ 15ಕ್ಕೆ ಮಹಾರಾಷ್ಟ್ರ ಹೇಳಿತು: ಎರಡು ಡೋಸ್ ಆಗಿ ಕೆಲವು ದಿನ ಕಳೆದಿದ್ದರೆ ವರದಿ ಬೇಡ. ಕರ್ನಾಟಕ ಆಗ ಒಂದು ಡೋಸ್ ಆದವರನ್ನೂ ಬಿಡುತ್ತಿತ್ತು. ಆ ತಿಂಗಳ ಕೊನೆಯ ವಾರ ನೆರೆ ಬಂದು ಹೆದ್ದಾರಿಯೇ ಮುಳುಗಿತು, ಯಮಗರ್ಣಿಯ ಹತ್ತಿರ ವೇದಗಂಗೆ ರಸ್ತೆಯ ಮೇಲೆ ಹರಿದಳು. ಆಗ ಎರಡೂ ದಡಕ್ಕೆ ಒಂದೇ ನಿಯಮ ಇತ್ತು ನೋಡಿ! ನೀರು ಇಳಿದು ವಾಹನ ಶುರುವಾಗುತ್ತಿರುವಾಗ, ಜುಲೈ 31ರಂದು ಕರ್ನಾಟಕದ ಹೊಸ ಆದೇಶ ಬಂತು: ಲಸಿಕೆ ಎಷ್ಟೇ ಆಗಿರಲಿ, ಮಹಾರಾಷ್ಟ್ರ ಮತ್ತು ಕೇರಳದಿಂದ ಬರುವವರಿಗೆ 72 ಗಂಟೆಯ ವರದಿ ಬೇಕೇ ಬೇಕು. ಮನೆಯಲ್ಲಿ ಸಾವಾಗಿದ್ದರೆ, ಆಸ್ಪತ್ರೆಗೆ ಹೋಗುವುದಿದ್ದರೆ ಗಡಿಯಲ್ಲೇ ಮಾದರಿ ಕೊಟ್ಟು ಹೋಗಬಹುದು ಎಂದು ಅದರಲ್ಲಿ ಬರೆದಿದ್ದರು. ಆ ಸಾಲು ಜೂನ್‌ನಲ್ಲಿ ನಮ್ಮ ಕಣ್ಣಿಗೆ ಬಿದ್ದಿದ್ದರೆ ಗುರುವಾರವೇ ಹೋಗುತ್ತಿದ್ದೆವು.

ನಮಗೆ ಆದದ್ದು ಬರೀ ಮನಸ್ಸಿನ ನೋವು. ಕಾಸರಗೋಡಿನ ಕನ್ನಡಿಗರಿಗೆ ಆದದ್ದು ಇದಕ್ಕಿಂತ ದೊಡ್ಡದು. ಅವರ ದೊಡ್ಡಾಸ್ಪತ್ರೆಗಳು ಮಂಗಳೂರಿನಲ್ಲಿ. 2020ರ ಮಾರ್ಚ್‌ನಲ್ಲಿ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳು ತಲಪಾಡಿಯಲ್ಲಿ ನಿಂತರು, ಕೆಲವರು ಚಿಕಿತ್ಸೆ ಸಿಗದೆ ಸತ್ತರು. ಕೇರಳದ ಹೈಕೋರ್ಟು ದಾರಿ ಬಿಡಿಸಬೇಕೆಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ತಲಪಾಡಿಯಲ್ಲಿ ದಾರಿಯಾಯಿತು.

ಪ್ರಯಾಣಿಕನನ್ನು ತಡೆದು ನಿಲ್ಲಿಸುವುದು ಹೊಸದೇನಲ್ಲ. ಕ್ವಾರಂಟೈನ್ ಎಂಬ ಮಾತೇ ವೆನಿಸ್ ಊರಿನವರ ನಲವತ್ತು ದಿನದ ಲೆಕ್ಕದಿಂದ ಬಂದದ್ದು. ಅದಕ್ಕೂ ಮೊದಲು, 1377ರಲ್ಲಿ, ಆಡ್ರಿಯಾಟಿಕ್ ಕಡಲ ದಂಡೆಯ ರಗುಸಾ ಎಂಬ ಊರು ಹೊರಗಿನ ಹಡಗುಗಳನ್ನು ಮೂವತ್ತು ದಿನ ದೂರ ನಿಲ್ಲಿಸುತ್ತಿತ್ತು. ನಮ್ಮಲ್ಲಿ ಪ್ಲೇಗು ಬಂದಾಗ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಮದ್ರಾಸ್ ಪ್ರಾಂತದಲ್ಲಿ ಪ್ರಯಾಣಿಕರಿಗೆ ಪ್ಲೇಗ್ ಪಾಸ್‌ಪೋರ್ಟ್ ಎಂಬ ಕಾಗದ ಕೊಡುತ್ತಿದ್ದರು. 2020ರಲ್ಲೂ ಅದೇ 1897ರ ಕಾಯಿದೆಯನ್ನು ಬಳಕೆಗೆ ತಂದರು. ಆಗಿನ ನಲವತ್ತು ದಿನ ಎಷ್ಟು ಕಠಿಣವಾಗಿದ್ದರೂ ಒಂದು ಸುಖವಿತ್ತು ಎಂದು ನನಗೆ ತೋರುತ್ತದೆ: ಹಡಗು ಬಂದರಿಗೆ ಬರುವ ಮೊದಲೇ ನಲವತ್ತು ಎಂದು ಗೊತ್ತಿರುತ್ತಿತ್ತು.

ಈಗ ಯುರೋಪಿಗೆ ಹೋಗೋಣ. ಅಲ್ಲಿ ಡ್ಯಾನ್ಯೂಬ್ ಎಂಬ ನದಿ ಇದೆ. ಜರ್ಮನಿಯಲ್ಲಿ ಹುಟ್ಟಿ, ಸುಮಾರು 2,850 ಕಿಲೋಮೀಟರ್ ಹರಿದು, ಹತ್ತು ದೇಶಗಳನ್ನು ಮುಟ್ಟಿಕೊಂಡು ಕಪ್ಪು ಸಮುದ್ರಕ್ಕೆ ಸೇರುತ್ತದೆ. ಅದರಲ್ಲಿ ಉದ್ದನೆಯ, ತಗ್ಗು ಮಾಳಿಗೆಯ ಹಡಗುಗಳು ಓಡಾಡುತ್ತವೆ. ಒಂದು ಹಡಗಿನಲ್ಲಿ ನೂರೈವತ್ತೋ ಇನ್ನೂರೋ ಜನ, ಬಹುಪಾಲು ವಯಸ್ಸಾದವರು. ರಾತ್ರಿ ಹಡಗು ನಡೆಯುತ್ತದೆ, ಬೆಳಿಗ್ಗೆ ಒಂದು ಊರು. ಜರ್ಮನಿಯ ಪಸ್ಸಾವ್‌ನಲ್ಲಿ ಹತ್ತಿದರೆ ಆಸ್ಟ್ರಿಯದ ವಿಯೆನ್ನಾ, ಸ್ಲೊವಾಕಿಯದ ಬ್ರಾಟಿಸ್ಲಾವಾ, ಹಂಗೇರಿಯ ಬುಡಾಪೆಸ್ಟ್, ಒಂದು ವಾರದಲ್ಲಿ ನಾಲ್ಕು ದೇಶ. ಶೆಂಗೆನ್ ಒಪ್ಪಂದದಿಂದಾಗಿ ಈ ದೇಶಗಳ ನಡುವಿನ ಗಡಿಯಲ್ಲಿ ಸಾಮಾನ್ಯ ದಿನಗಳಲ್ಲಿ ತಪಾಸಣೆ ಇಲ್ಲ. ಮೊದಲು ನಮ್ಮ ದೂಧಗಂಗೆಯ ಪೂಲಿನ ಮೇಲೆ ಹೇಗೆ ಇರಲಿಲ್ಲವೋ ಹಾಗೆ.

2020ರ ಮಾರ್ಚ್‌ನಲ್ಲಿ ಈ ಹಡಗುಗಳು ನಿಂತವು. 2021ರ ಬೇಸಿಗೆಯಲ್ಲಿ ಬಹಳಷ್ಟು ಮತ್ತೆ ಹೊರಟವು. ಆ ವರ್ಷದ ಜುಲೈ 1ರಿಂದ ಯುರೋಪಿಯನ್ ಒಕ್ಕೂಟವು ಎಲ್ಲ ದೇಶಕ್ಕೂ ಒಂದೇ ನಮೂನೆಯ ಕೋವಿಡ್ ಪ್ರಮಾಣಪತ್ರವನ್ನು ತಂದಿತು. ನಮೂನೆ ಒಂದಾಯಿತು, ನಿಯಮ ಒಂದಾಗಲಿಲ್ಲ. ಆ ಕಾಗದವನ್ನು ಯಾವಾಗ ಒಪ್ಪಬೇಕು, ಎಷ್ಟು ದಿನ ಒಪ್ಪಬೇಕು, ಅದಿದ್ದವನಿಗೆ ಹೋಟೆಲಿನೊಳಗೆ ಕೂರಲು ಬಿಡಬೇಕೋ ಇಲ್ಲವೋ, ಇವೆಲ್ಲ ಆಯಾ ದೇಶದ ಕೈಯಲ್ಲೇ ಉಳಿದವು.

ಆ ಚಳಿಗಾಲದಲ್ಲಿ ಏನಾಯಿತು ನೋಡಿ. ಡ್ಯಾನ್ಯೂಬಿನಲ್ಲಿ ನವೆಂಬರ್, ಡಿಸೆಂಬರ್ ಎಂದರೆ ಕ್ರಿಸ್‌ಮಸ್ ಸಂತೆಗಳ ಕಾಲ. ಜನ ಆ ಸಂತೆಗಳಿಗೆಂದೇ ವರ್ಷ ಮೊದಲು ಹಡಗಿನಲ್ಲಿ ಜಾಗ ಹಿಡಿದಿರುತ್ತಾರೆ. 2021ರ ನವೆಂಬರ್ 19ರಂದು ಬವೇರಿಯಾ ಪ್ರಾಂತ ತನ್ನ ಸಂತೆಗಳನ್ನೆಲ್ಲ ರದ್ದು ಮಾಡಿತು. ಅದೇ ದಿನ ಆಸ್ಟ್ರಿಯ ಲಾಕ್‌ಡೌನ್ ಸಾರಿತು, 22ರಿಂದ ಜಾರಿ. 25ಕ್ಕೆ ಸ್ಲೊವಾಕಿಯದ ಸರದಿ. ಹಂಗೇರಿಯಲ್ಲಿ ಅಂಥ ಲಾಕ್‌ಡೌನ್ ಇಲ್ಲ. ಆ ದಿನಗಳಲ್ಲಿ ನೀರಿನ ಮೇಲಿದ್ದವನ ಸ್ಥಿತಿ ಊಹಿಸಿ. ಹತ್ತಿದಾಗ ನಾಲ್ಕು ದೇಶದ ಟಿಕೇಟು, ನಡುವೆ ಬಾಗಿಲು ಮುಚ್ಚಿದ ಎರಡು ದೇಶ.

ಇಷ್ಟರಲ್ಲೇ ಮುಗಿಯಲಿಲ್ಲ. ನವೆಂಬರ್ 26ರಂದು ಓಮಿಕ್ರಾನ್ ಎಂಬ ಹೆಸರು ಕೇಳಿಬಂತು. ಈ ಹಡಗುಗಳಲ್ಲಿ ಅಮೆರಿಕದವರು ಬಹಳ. ಅವರು ಊರಿಗೆ ಮರಳಲು, ಲಸಿಕೆ ಆದವರಿಗೆ, ವಿಮಾನ ಹತ್ತುವ ಮೊದಲಿನ ಮೂರು ದಿನದೊಳಗಿನ ಪರೀಕ್ಷೆ ಸಾಕಿತ್ತು. ಡಿಸೆಂಬರ್ 2ರಂದು ಅಮೆರಿಕ ಸರಕಾರ ಅದನ್ನು ಒಂದು ದಿನಕ್ಕೆ ಇಳಿಸಿತು, 6ರಿಂದ ಜಾರಿ. ನಡುವೆ ನಾಲ್ಕೇ ದಿನ. ನವೆಂಬರ್ ಕೊನೆಗೆ ಹಡಗು ಹತ್ತಿದವನು ಇಳಿಯುವ ಹೊತ್ತಿಗೆ ಅವನ ಸ್ವಂತ ದೇಶದ ಬಾಗಿಲಿನ ಬೀಗವೇ ಬದಲಾಗಿತ್ತು. 48, 72ರ ಲೆಕ್ಕ ಮಾಡಿ ಅತ್ತೆಯ ಮನೆಯಿಂದ ಎದ್ದುಬಂದ ನನಗೆ ಇದನ್ನು ಓದಿದಾಗ ಆ ಪಡಸಾಲೆ ನೆನಪಾಯಿತು.

ಇನ್ನು ನಮ್ಮ ಮನೆಯ ದುಡ್ಡಿನ ಕಥೆ. ನನ್ನ ತಂಗಿಯನ್ನು ಇಚಲಕರಂಜಿಗೆ ಕೊಟ್ಟಿದೆ, ಭಾವನವರದು ನಾಲ್ಕು ಮಗ್ಗದ ಪವರ್‌ಲೂಮ್. ಮಗ ಜರ್ಮನಿಯಲ್ಲಿ ನೌಕರಿ. 2020ರ ಕೊನೆಗೆ ಅವನಿಗೆ ಹೆಣ್ಣು ಮಗು ಹುಟ್ಟಿತು. ಅಜ್ಜ ಅಜ್ಜಿ ಅದರ ಮುಖವನ್ನು ಫೋನಿನಲ್ಲಷ್ಟೇ ನೋಡಿದ್ದರು. 2022ರ ಏಪ್ರಿಲ್‌ಗೆ ಕರೆಸಿಕೊಂಡು, ಎಲ್ಲರೂ ಕೂಡಿ ಪಸ್ಸಾವ್‌ನಿಂದ ಒಂದು ವಾರ ಹಡಗಿನಲ್ಲಿ ಹೋಗೋಣ ಎಂದು ಮಗ ಆಸೆಪಟ್ಟ. ಏಪ್ರಿಲ್ 16ರ ಹಡಗಿಗೆ ಜನವರಿಯಲ್ಲೇ ದುಡ್ಡು ಕಟ್ಟಿದ.

ತಂಗಿ, ಭಾವ ಇಬ್ಬರೂ ಅರವತ್ತರ ಒಳಗಿನವರು. 2021ರ ಏಪ್ರಿಲ್‌ನಲ್ಲಿ ಕೋವಿಶೀಲ್ಡ್ ಮೊದಲ ಡೋಸ್ ಆಗಿತ್ತು. ಎರಡನೆಯದಕ್ಕೆ ಕಾಯುತ್ತಿರುವಾಗ ಮೇ 13ರಂದು ಸರಕಾರ ಎರಡು ಡೋಸ್‌ಗಳ ನಡುವಿನ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿತು. ಹೀಗಾಗಿ ಎರಡನೆಯದು ಆದದ್ದು ಜುಲೈ 12ಕ್ಕೆ. ಯುರೋಪಿನಲ್ಲಿ 2022ರ ಫೆಬ್ರವರಿ 1ರಿಂದ ಹೊಸ ನಿಯಮ ಬಂತು: ಎರಡನೆಯ ಡೋಸಿನ ಪ್ರಮಾಣಪತ್ರ 270 ದಿನ ಮಾತ್ರ ನಡೆಯುತ್ತದೆ, ಆಮೇಲೆ ಮೂರನೆಯದು ಬೇಕು. ಜುಲೈ 12ರಿಂದ 270 ದಿನ ಎಣಿಸಿದರೆ ಏಪ್ರಿಲ್ 8.

ಹಾಗಾದರೆ ಮೂರನೆಯದು ಹಾಕಿಸಿಕೊಳ್ಳಲಿ ಎನ್ನುತ್ತೀರಿ. ಭಾರತದಲ್ಲಿ ಮೂರನೆಯ ಡೋಸು 2022ರ ಜನವರಿ 10ರಿಂದ ಶುರುವಾಗಿತ್ತು, ಆದರೆ ಆರೋಗ್ಯ ಮತ್ತು ಮುಂಚೂಣಿ ಕೆಲಸದವರಿಗೆ ಹಾಗೂ ಅರವತ್ತು ದಾಟಿದವರಿಗೆ ಮಾತ್ರ. ಅದಕ್ಕೂ ಒಂದು ಷರತ್ತು: ಎರಡನೆಯದಾಗಿ ಒಂಬತ್ತು ತಿಂಗಳು, ಎಂದರೆ 39 ವಾರ ಕಳೆದಿರಬೇಕು. 39 ವಾರ ಎಂದರೆ 273 ದಿನ. ಬಾಂಧವರೇ, ಪೆನ್ಸಿಲ್ ಹಿಡಿದು ಒಮ್ಮೆ ನೋಡಿ. ಅಲ್ಲಿ 270ನೆಯ ದಿನ ಕಾಗದ ಸಾಯುತ್ತದೆ, ಇಲ್ಲಿ 273ನೆಯ ದಿನ ಹೊಸ ಕಾಗದ ಹುಟ್ಟಬಹುದು. ಎರಡೂ ಕಡೆಯ ತಜ್ಞರು ತಮ್ಮ ತಮ್ಮ ಲೆಕ್ಕಕ್ಕೆ ಕಾರಣ ಹೇಳಬಲ್ಲರು. ನಡುವಿನ ಮೂರು ದಿನ ಯಾರ ಲೆಕ್ಕದಲ್ಲೂ ಇರಲಿಲ್ಲ. ಅರವತ್ತು ದಾಟದವರಿಗಂತೂ 273 ಆದರೂ ಲಸಿಕೆ ಇಲ್ಲ.

ಮಾರ್ಚ್ ನಡುವಿನವರೆಗೆ ಕಾದರು. ಒಂದು ತಿಂಗಳಿಗಿಂತ ಮೊದಲೇ ಬೇಡ ಎಂದರೆ ಸ್ವಲ್ಪ ಕಡಿತ, ಆಮೇಲೆ ಹೇಳಿದರೆ ಹೆಚ್ಚು ಕಡಿತ ಎಂದು ಹಡಗಿನ ಕರಾರಿನಲ್ಲಿತ್ತು. ಭಾವನವರು ವ್ಯಾಪಾರದ ಮನುಷ್ಯ. "ಇದ್ದದ್ದನ್ನಾದ್ರೂ ಉಳಿಸ್ಕೊಳ್ಳೂಣು" ಎಂದರು. ಮಗ ರದ್ದು ಮಾಡಿದ. ನಾಲ್ಕರಲ್ಲಿ ಒಂದು ಪಾಲು ಹೋಯಿತು.

ಏಪ್ರಿಲ್ 8ರಂದು, ಅವರ ಕಾಗದ ಸಾಯುವ ದಿನವೇ, ದಿಲ್ಲಿಯಿಂದ ಘೋಷಣೆ ಬಂತು: 10ನೇ ತಾರೀಕಿನಿಂದ ಹದಿನೆಂಟು ದಾಟಿದ ಎಲ್ಲರೂ ಖಾಸಗಿ ಕೇಂದ್ರಗಳಲ್ಲಿ ಮೂರನೆಯ ಡೋಸ್ ಪಡೆಯಬಹುದು. ರದ್ದು ಮಾಡದೆ ಕೂತಿದ್ದರೆ 11ಕ್ಕೆ ಲಸಿಕೆ ಹಾಕಿಸಿಕೊಂಡು ಹಡಗು ಮುಟ್ಟಬಹುದಿತ್ತು. ಹಂಗೇರಿಯಂತೂ ಮಾರ್ಚ್ 7ಕ್ಕೇ ಎಲ್ಲ ಕಟ್ಟಳೆ ತೆಗೆದಿತ್ತು. ಆಸ್ಟ್ರಿಯ ಮೇ 16ಕ್ಕೆ ತೆಗೆಯಿತು, ಜರ್ಮನಿ ಜೂನ್‌ನಲ್ಲಿ. ಒಂದೇ ನೀರು, ಮೂರು ತಾರೀಕು.

ತಂಗಿ ಇವತ್ತಿಗೂ ಅನ್ನುತ್ತಾಳೆ, "ಇನ್ನೊಂದ ತಿಂಗಳ ತಡೀರಿ ಅಂದಿದ್ನಿ." ಭಾವನವರು ಉತ್ತರ ಕೊಡುವುದಿಲ್ಲ. ನಾನು ಭಾವನವರ ಪಕ್ಷ. ಮಾರ್ಚ್‌ನಲ್ಲಿ ಗೊತ್ತಿದ್ದದ್ದು ಮಾರ್ಚ್‌ನದು ಮಾತ್ರ. ಇದರ ಬಗ್ಗೆ ಯುರೋಪಿನ ನ್ಯಾಯಾಲಯವೇ ಒಂದು ತೀರ್ಪು ಕೊಟ್ಟಿದೆ. ಅಲ್ಲಿಯ ಕಾನೂನಿನಂತೆ, ಹೋಗುವ ಜಾಗದಲ್ಲಿ ಯಾರ ಕೈಯಲ್ಲೂ ಇಲ್ಲದ ಅಸಾಧಾರಣ ಪರಿಸ್ಥಿತಿ ಇದ್ದರೆ, ಪ್ಯಾಕೇಜ್ ಪ್ರವಾಸಿಗನು ಕಡಿತವಿಲ್ಲದೆ ರದ್ದು ಮಾಡಬಹುದು. ಪ್ರವಾಸ ನಡೆಸುವವರೇ ರದ್ದು ಮಾಡಿದರೆ ಹದಿನಾಲ್ಕು ದಿನದಲ್ಲಿ ಪೂರ್ತಿ ದುಡ್ಡು ವಾಪಸು. ಹಾಗಾದರೆ ಒಬ್ಬನು ಮೊದಲೇ ಹೆದರಿ ಕಡಿತ ಕೊಟ್ಟು ರದ್ದು ಮಾಡಿದ, ಆಮೇಲೆ ಪರಿಸ್ಥಿತಿ ನಿಜವಾಗಿಯೂ ಕೆಟ್ಟಿತು ಎಂದರೆ? 2024ರ ಫೆಬ್ರವರಿ 29ರಂದು ನ್ಯಾಯಾಲಯ ಹೇಳಿತು: ರದ್ದು ಮಾಡಿದ ದಿನ ಏನಿತ್ತೋ ಅದನ್ನೇ ನೋಡಬೇಕು, ಆಮೇಲೆ ಆದದ್ದನ್ನು ಅಲ್ಲ. ಜಪಾನಿಗೆ ಹೋಗಬೇಕಿದ್ದವರ ಮೊಕದ್ದಮೆ ಅದು, ಆದರೆ ಹಡಗಿನವರಿಗೂ ಅದೇ ಅನ್ವಯ. ಮುಂಜಾಗ್ರತೆಯವನಿಗೆ ಕಡಿತ, ಕೊನೆಯ ದಿನದವರೆಗೆ ಕೂತವನಿಗೆ ಪೂರ್ತಿ ದುಡ್ಡು. ನ್ಯಾಯವಾಗಿರಬಹುದು, ನನಗೇನೋ ರುಚಿಸಲಿಲ್ಲ.

ನೀವು ಕೇಳಬಹುದು, ಆ ಕಾಲ ಹೋಯಿತಲ್ಲ ಎಂದು. ಹೌದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ಕ್ಕೆ ತುರ್ತು ಸ್ಥಿತಿ ಮುಗಿಯಿತು ಎಂದಿತು; ಯುರೋಪಿನ ಆ ಪ್ರಮಾಣಪತ್ರದ ಕಾನೂನೂ ಅದೇ ಜೂನ್ 30ಕ್ಕೆ ಮುಗಿಯಿತು. ಕೊಗನೊಳ್ಳಿಯಲ್ಲಿ ಈಗ ಆ ಕಾಗದ ಕೇಳುವುದಿಲ್ಲ. ಆದರೂ ನಮ್ಮಂಥ ಗಡಿಯ ಜನ ಮರೆತು ಕೂರುವಂತಿಲ್ಲ. ಇನ್ನೊಮ್ಮೆ ಇಂಥ ದಿನ ಬಂದರೆ, ನಿಯಮ ಏನು ಎಂದಷ್ಟೇ ಕೇಳಬೇಡಿ. ಹೊರಡುವ ದಿನದ ನಿಯಮವೋ ಮುಟ್ಟುವ ದಿನದ್ದೋ ಎಂದು ಕೇಳಿ. ಎಲ್ಲ ಕಡೆ ಮುಟ್ಟುವ ದಿನದ್ದೇ ನಡೆಯಿತು. ಗಂಟೆಯನ್ನು ಎಲ್ಲಿಂದ ಎಣಿಸುತ್ತಾರೆ ಎಂದು ಕೇಳಿ. ಮರಳಿ ಬರುವ ದಡದ ನಿಯಮವನ್ನು ಹೋಗುವ ಮೊದಲೇ ಕೇಳಿ, ಅದನ್ನೇ ನಾವು ಮರೆತದ್ದು. ಮುಖ್ಯವಾಗಿ ಆದೇಶದ ಕೊನೆಯ ಪುಟ ಓದಿಸಿ. ಸಾವು, ಆಸ್ಪತ್ರೆ, ಸಣ್ಣ ಮಕ್ಕಳು, ಇವರಿಗೆ ಕೊಟ್ಟ ವಿನಾಯಿತಿ ಅಲ್ಲಿರುತ್ತದೆ. ಪೇಪರಿನ ತಲೆಬರಹದಲ್ಲಿ ಅದು ಬರುವುದಿಲ್ಲ. ಮತ್ತು ಆದೇಶದ ಒಂದು ಝೆರಾಕ್ಸ್ ಜೇಬಿನಲ್ಲಿರಲಿ. ನಾಕಾದಲ್ಲಿ ನಿಂತವನಿಗೂ ಹೊಸ ಆದೇಶ ನಿನ್ನೆಯೇ ಬಂದಿರುತ್ತದೆ, ಅವನೂ ಓದಿರುವುದಿಲ್ಲ.

ತಂಗಿ, ಭಾವ 2022ರ ಅಕ್ಟೋಬರ್‌ನಲ್ಲಿ ಹೋಗಿಬಂದರು. ಆಗ ಅಲ್ಲಿ ಯಾರೂ ಲಸಿಕೆಯ ಕಾಗದ ಕೇಳಲಿಲ್ಲ. ಮೊಮ್ಮಗಳು ಎರಡು ವರ್ಷದವಳಾಗುತ್ತ ಬಂದಿದ್ದಳು, ಫೋನಿನಲ್ಲಿ ನಗುತ್ತಿದ್ದವಳು ಎದುರಿಗೆ ಕಂಡಾಗ ಅಮ್ಮನ ಹಿಂದೆ ಅಡಗಿದಳಂತೆ. ಒಂದು ದಿನ ಮಗ ಅವರನ್ನು ಪಸ್ಸಾವ್‌ಗೆ ಕರೆದೊಯ್ದ. ಅಲ್ಲಿ ಮೂರು ನದಿಗಳು ಕೂಡುತ್ತವೆ, ಡ್ಯಾನ್ಯೂಬ್, ಇನ್, ಇಲ್ಟ್ಸ್. ಮೂರರ ನೀರಿನ ಬಣ್ಣವೂ ಬೇರೆ ಬೇರೆ. ಭಾವನವರು ದಂಡೆಯಿಂದಲೇ ನನಗೆ ಫೋನು ಮಾಡಿದರು. "ನಮ್ಮ ನರಸೋಬಾವಾಡಿ ಸಂಗಮ ಇದ್ಧಂಗ ಐತಿ ನೋಡ್ರಿ, ಗುಡಿ ಒಂದ ಇಲ್ಲ," ಎಂದರು. ಹಡಗು ಕಂಡಿರೇನು ಎಂದು ಕೇಳಿದೆ. ಮೂರು ನಿಂತಿದ್ದವಂತೆ, ಮಗ ಇವತ್ತಾದರೂ ಎರಡು ತಾಸು ಹತ್ತೋಣ ಎಂದನಂತೆ.

"ಹತ್ತಿದ್ರೇನು?"

"ಇಲ್ಲರಿ. ದಂಡಿ ಮ್ಯಾಲ ಕುಂತ ಭಕ್ರಿ ತಿಂದ್ವಿ. ನಿಮ್ಮ ತಂಗಿ ಇಲ್ಲಿಂದನ ಕಟಗೊಂಡ ಹೋಗಿದ್ಲು."